ಕಾಲೇಜು ಒಂದು, ರಸೀದಿ ಎರಡು

ಗುಬ್ಬಿಗೂಡು:

ಮಗಳನ್ನು ಮೊದಲ ಪಿಯುಸಿಗೆ ಸೇರಿಸಿ ಬಂದು ಎರಡು ದಿನವಾಯಿತು. ಮೇಜಿನ ಮೇಲೆ ಎರಡು ರಸೀದಿಗಳಿವೆ, ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಒಂದು ಹಳದಿ ಕಾಗದದ್ದು. ವಿದ್ಯಾಸಂಸ್ಥೆಯ ಟ್ರಸ್ಟಿನ ಹೆಸರು, ಮೇಲೆ ವೀಣೆ ಹಿಡಿದ ಸರಸ್ವತಿ, ಪೆನ್ನಿನಲ್ಲಿ ಬರೆದ ಮೊತ್ತ 28,000 ರೂಪಾಯಿ. ಇನ್ನೊಂದು ಕಂಪ್ಯೂಟರಿನಿಂದ ಬಂದದ್ದು. ನಾನು ಎಂದೂ ಕೇಳಿರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು, ‘ತರಬೇತಿ ಶುಲ್ಕ’ 1,10,000, ಅದರ ಕೆಳಗೆ ಶೇ 18ರ ಜಿಎಸ್‌ಟಿ 19,800. ಎರಡನ್ನೂ ಕೊಟ್ಟದ್ದು ಒಂದೇ ಕಿಟಕಿ, ಒಬ್ಬರೇ ಗುಮಾಸ್ತರು. ಒಂದೇ ಗುಂಡುಸೂಜಿ ಚುಚ್ಚಿ ಕೈಗಿಟ್ಟರು.

‘ತರಬೇತಿ ಬೇಡ, ಬರೀ ಪಿಯುಸಿ ಸಾಕು’ ಎಂದೆ. ‘ಅದಿಲ್ಲದೆ ಸೀಟಿಲ್ಲ ಮೇಡಂ’ ಎಂದರು. ಹೊರಗೆ ಬರುವಾಗ ಗೋಡೆಯ ಫಲಕ ಕಣ್ಣಿಗೆ ಬಿತ್ತು: ‘ಲಾಭದ ಉದ್ದೇಶವಿಲ್ಲದ ಶಿಕ್ಷಣ ಸೇವಾ ಸಂಸ್ಥೆ’. ಪಕ್ಕದಲ್ಲೇ ಮೂರನೇ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು.

ಶುಲ್ಕ ಹೆಚ್ಚಾಯಿತು ಎಂದು ಅಳಲು ಬಂದಿಲ್ಲ. ಗೊತ್ತಿದ್ದೇ ಸೇರಿಸಿದ್ದೇನೆ. ತಿಳಿಯಬೇಕಾದದ್ದು ಇಷ್ಟೇ: ಲಾಭವಿಲ್ಲ ಎನ್ನುವವರ ಬಳಿ ಪ್ರತಿ ಬೇಸಿಗೆಗೂ ಹೊಸ ಕಟ್ಟಡ ಏಳುವುದು ಹೇಗೆ? ಲಾಭವಿದೆ ಎಂದಾದರೆ ಅದನ್ನು ಹೇಳಿಕೊಳ್ಳಲು ಸಂಕೋಚವೇಕೆ?

ಒಗ್ಗರಣೆ:

ಪುರಾಣದ ಲೆಕ್ಕದಲ್ಲಿ ಲಕ್ಷ್ಮಿ ಅತ್ತೆ, ಸರಸ್ವತಿ ಸೊಸೆ. ಇಬ್ಬರೂ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಈಗ ನೋಡಿದರೆ ಒಂದೇ ಗುಂಡುಸೂಜಿಯಲ್ಲಿ ನಿಂತಿದ್ದಾರೆ.

ಖಾತೆಕಿರ್ದಿ:

ಗುಬ್ಬಿಗೂಡು ಅವರೇ, ಟ್ರಸ್ಟುಗಳ ಲೆಕ್ಕ ನೋಡುವುದೇ ನನ್ನ ಅನ್ನ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಲಾಭರಹಿತ ಎಂದರೆ ವರ್ಷದ ಕೊನೆಗೆ ಹಣ ಉಳಿಯಬಾರದು ಎಂದಲ್ಲ. ಉಳಿದದ್ದನ್ನು ಯಾರೂ ಹಂಚಿಕೊಂಡು ಮನೆಗೆ ಒಯ್ಯಬಾರದು ಎಂದು. ನಮ್ಮಲ್ಲಿ ಶಾಲೆ, ಕಾಲೇಜುಗಳನ್ನು ಸಾಮಾನ್ಯವಾಗಿ ಟ್ರಸ್ಟ್, ಸೊಸೈಟಿ, ಇಲ್ಲವೇ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿಯ ಕಂಪನಿ ನಡೆಸುತ್ತದೆ. ಈ 8ನೇ ಸೆಕ್ಷನ್ ಕಂಪನಿ ಹೆಸರಿಗೆ ಕಂಪನಿಯಾದರೂ ಷೇರುದಾರರಿಗೆ ಲಾಭಾಂಶ ಕೊಡುವಂತಿಲ್ಲ. ಸಿಬಿಎಸ್‌ಇ ಸಂಯೋಜನೆ ಬೇಕೆಂದರೂ ಈ ಮೂರರಲ್ಲಿ ಒಂದಾಗಿರಬೇಕು.

ಇನ್ನು ನಿಮ್ಮ ಕಟ್ಟಡದ ಪ್ರಶ್ನೆ. ಆದಾಯ ತೆರಿಗೆಯ ವಿನಾಯಿತಿ ಬೇಕಾದರೆ ಟ್ರಸ್ಟ್ ತನ್ನ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕಾಗಿ ಖರ್ಚು ಮಾಡಿ ತೋರಿಸಬೇಕು, ಶೇ 15ರಷ್ಟನ್ನು ಉಳಿಸಿಕೊಳ್ಳಬಹುದು. ಕಟ್ಟಡಕ್ಕೆ ಸುರಿದ ದುಡ್ಡೂ ಈ ಖರ್ಚಿನ ಲೆಕ್ಕಕ್ಕೇ ಸೇರುತ್ತದೆ. ಮಾರ್ಚ್ ಹತ್ತಿರ ಬಂದಾಗ ಖಜಾನೆಯಲ್ಲಿ ಹಣ ಹೆಚ್ಚಿದ್ದರೆ ಆಡಿಟರ್ ಹೇಳುವ ಮೊದಲ ಮಾತು ‘ಏನಾದರೂ ಕಟ್ಟಿಸಿ’. ಶಿಕ್ಷಕರ ಸಂಬಳ ಹೆಚ್ಚಿಸಿದರೂ ಅದೇ ವಿನಾಯಿತಿ ಸಿಗುತ್ತದೆ. ಆದರೆ ಒಮ್ಮೆ ಏರಿಸಿದ ಸಂಬಳವನ್ನು ಮರುವರ್ಷ ಇಳಿಸಲಾಗದು, ಅದಕ್ಕೆ ಉದ್ಘಾಟನೆಯ ಕಲ್ಲನ್ನೂ ನೆಡಲಾಗದು.

ಹೀಗಿದ್ದರೂ ಕೆಲವರು ಶ್ರೀಮಂತರಾಗುವುದು ಹೇಗೆ? ಒಂದು ಕಲ್ಪಿತ ಲೆಕ್ಕ ಹೇಳುತ್ತೇನೆ. ಟ್ರಸ್ಟಿನ ವರ್ಷದ ಆದಾಯ 4 ಕೋಟಿ. ಕಟ್ಟಡ ಅಧ್ಯಕ್ಷರ ಹೆಂಡತಿಯ ಹೆಸರಿನಲ್ಲಿದೆ, ತಿಂಗಳಿಗೆ 6 ಲಕ್ಷ ಬಾಡಿಗೆ. ವರ್ಷಕ್ಕೆ 72 ಲಕ್ಷ ಅಲ್ಲಿಗೆ ಹೋಯಿತು. ಬಸ್ಸುಗಳು ತಮ್ಮನವು, ಕಿಲೋಮೀಟರಿಗೆ ಇಷ್ಟು ಎಂದು ಗುತ್ತಿಗೆ. ಸಮವಸ್ತ್ರ, ನೋಟ್‌ಬುಕ್ ಮಗನ ಅಂಗಡಿಯಿಂದ. ಸೊಸೆ ‘ಶೈಕ್ಷಣಿಕ ನಿರ್ದೇಶಕಿ’, ತಿಂಗಳಿಗೆ 2 ಲಕ್ಷ. ಎಲ್ಲದಕ್ಕೂ ಬಿಲ್ಲು ಇದೆ, ಎಲ್ಲವೂ ಬ್ಯಾಂಕಿನ ಮೂಲಕವೇ. ವರ್ಷಾಂತ್ಯಕ್ಕೆ ಟ್ರಸ್ಟಿನಲ್ಲಿ ಉಳಿದದ್ದು ನಾಲ್ಕು ಕಾಸು. ಲಾಭವಿಲ್ಲ ಎಂಬ ಫಲಕ ಸುಳ್ಳಲ್ಲ!

ಕಾನೂನು ಇದನ್ನು ಕಾಣದೆ ಬಿಟ್ಟಿಲ್ಲ. ಟ್ರಸ್ಟಿಗಳಿಗೆ, ಅವರ ಬಂಧುಗಳಿಗೆ ಯೋಗ್ಯವಾದದ್ದಕ್ಕಿಂತ ಹೆಚ್ಚು ಕೊಟ್ಟರೆ ಅಷ್ಟರ ಮಟ್ಟಿಗೆ ವಿನಾಯಿತಿ ಹೋಗುತ್ತದೆ. ಆದರೆ ಯೋಗ್ಯ ಬಾಡಿಗೆ ಎಷ್ಟು ಎಂದು ಬರೆದುಕೊಡುವ ಮೌಲ್ಯಮಾಪಕರು ಅದೇ ಊರಿನಲ್ಲಿ ಸಿಗುತ್ತಾರೆ.

ನಿಮ್ಮ ಎರಡನೇ ರಸೀದಿ ಇದಕ್ಕೆ ಹೋಲಿಸಿದರೆ ಪ್ರಾಮಾಣಿಕ. ಮಾನ್ಯತೆ ಪಡೆದ ಕಾಲೇಜಿನ ಪಾಠಕ್ಕೆ ಜಿಎಸ್‌ಟಿ ಇಲ್ಲ, ಕೋಚಿಂಗ್‌ಗೆ ಶೇ 18. ಅವರು ಲಾಭಕ್ಕಾಗಿ ಇದ್ದೇವೆ ಎನ್ನುತ್ತಾರೆ, ತೆರಿಗೆಯನ್ನೂ ಕಟ್ಟುತ್ತಾರೆ. ನಿಮ್ಮ ಜೇಬಿನಿಂದ, ಅದು ಬೇರೆ ಮಾತು. ಒಂದು ಕೆಲಸ ಮಾಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ ಹೆಸರು ಹುಡುಕಿ. ನೋಂದಾಯಿತ ವಿಳಾಸ ಸಿಗುತ್ತದೆ.

ಕಪ್ಪುಕೋಟು:

ಆಡಿಟರ್ ಮೇಡಂ ಹೇಳಿದ ‘ಹೆಚ್ಚುವರಿ ಇರಲಿ, ಲಾಭ ಬೇಡ’ ಎಂಬ ಗೆರೆ ಎಲ್ಲಿಂದ ಬಂತು ಎಂಬ ಕಥೆಯಲ್ಲಿ ನಮ್ಮ ರಾಜ್ಯದ್ದೇ ದೊಡ್ಡ ಪಾತ್ರ. ಅಭಿಮಾನ ಪಡಬೇಕೋ ನಾಚಬೇಕೋ ನೀವೇ ನೋಡಿ.

ವಂತಿಗೆ, ಅಂದರೆ ಸೀಟಿಗಾಗಿ ಕೀಳುವ ಡೊನೇಷನ್, ನಿಷೇಧಿಸಲು ಕರ್ನಾಟಕ 1984ರಲ್ಲೇ ಕಾಯ್ದೆ ತಂದಿತು. ಐದು ವರ್ಷ ಕಳೆದು, 1989ರ ಜೂನ್‌ನಲ್ಲಿ, ಅದೇ ಕಾಯ್ದೆಯ ಅಡಿಯಲ್ಲಿ ಸರ್ಕಾರವೇ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದ ತನಕ. ಬಾಗಿಲಲ್ಲಿ ನಿಷೇಧ, ಕಿಟಕಿಯಲ್ಲಿ ದರಪಟ್ಟಿ. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಆ 60,000 ಕೊಡಲಾಗದೆ ಸುಪ್ರೀಂ ಕೋರ್ಟಿಗೆ ಹೋದಳು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಶಿಕ್ಷಣ ಮೂಲಭೂತ ಹಕ್ಕು, ಈ ಶುಲ್ಕ ವಂತಿಗೆಯ ಇನ್ನೊಂದು ಹೆಸರು ಎಂದು ಕೋರ್ಟ್ ಹೇಳಿತು. ತೀರ್ಪು ಚರಿತ್ರೆಗೆ ಸೇರಿತು, ಅರ್ಜಿದಾರಳಿಗೆ ಸೀಟು ಸಿಗಲಿಲ್ಲ.

ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಅರ್ಧ ಸೀಟು ಉಚಿತ, ಅರ್ಧ ಪಾವತಿಯದು. ಎರಡನೆಯ ಅರ್ಧದವರು ಮೊದಲ ಅರ್ಧದವರನ್ನು ಓದಿಸಬೇಕು. ಕೇಳಲು ನ್ಯಾಯವಾಗಿತ್ತು. ಆದರೆ ನಗರದ ಒಳ್ಳೆಯ ಶಾಲೆಯಲ್ಲಿ ಓದಿ, ಟ್ಯೂಷನ್ ಕಂಡವರೇ ಉಚಿತ ಸೀಟಿನಲ್ಲಿ ಹೆಚ್ಚು ಕುಳಿತರು. ಹಳ್ಳಿಯ ಮಧ್ಯಮ ವರ್ಗದ ಅಪ್ಪ ಜಮೀನು ಮಾರಿ ಅವರಿಗೂ ಸೇರಿಸಿ ಕಟ್ಟಿದ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನು ಕಿತ್ತುಹಾಕಿತು. ಅದು ಟಿಎಂಎ ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ. ಶಿಕ್ಷಣ ಸಂಸ್ಥೆ ನಡೆಸುವುದು ಸಂವಿಧಾನದ 19(1)(ಜಿ) ವಿಧಿಯಲ್ಲಿ ಬರುವ ‘ಉದ್ಯೋಗ’, ಬೆಳವಣಿಗೆಗೆ ಬೇಕಾದಷ್ಟು ಹೆಚ್ಚುವರಿ ಇಟ್ಟುಕೊಳ್ಳಬಹುದು, ಲಾಭಕೋರತನ ಮಾತ್ರ ಕೂಡದು ಎಂದಿತು. 2005ರ ಇನಾಮದಾರ್ ತೀರ್ಪೂ ವಂತಿಗೆ ಮತ್ತು ಲಾಭಕೋರತನದ ಮಟ್ಟಿಗೆ ಅದನ್ನೇ ಗಟ್ಟಿಮಾಡಿತು.

‘ಯೋಗ್ಯ ಹೆಚ್ಚುವರಿ’ ಎಂಬ ಎರಡು ಪದಗಳ ನಡುವೆ ಎಷ್ಟು ಬಸ್ಸು ಓಡಿಸಬಹುದು ಎಂಬುದು ಆಮೇಲಿನ ಕಥೆ.

ನಿವೃತ್ತ ಮೇಷ್ಟ್ರು:

ವಕೀಲರು 1984ರಿಂದ ಶುರು ಮಾಡಿದರು. ನಾನು ಇನ್ನೂ ಹಿಂದಕ್ಕೆ ಹೋಗುತ್ತೇನೆ, ಉತ್ತರ ಕರ್ನಾಟಕದವನಾದ್ದರಿಂದ ಹೋಗದಿರಲಾರೆ.

ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ವಿಜಯಪುರದ ಬಿಎಲ್‌ಡಿಇ 1910ರಲ್ಲಿ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಏಳು ಜನ ಸೇರಿ ಕಟ್ಟಿದರು, ಇಂದಿಗೂ ಅವರನ್ನು ಸಪ್ತರ್ಷಿಗಳು ಎನ್ನುತ್ತೇವೆ. ಸರ್ಕಾರಿ ನೌಕರಿಯ ಹಾದಿ ಬಿಟ್ಟು ಕಡಿಮೆ ಸಂಬಳಕ್ಕೆ ಪಾಠ ಹೇಳಿದವರು ಅವರಲ್ಲಿದ್ದರು. ದಾನಕ್ಕೆ ದೇಸಗತಿಯ ಮನೆತನಗಳು ಮುಂದೆ ಬಂದವು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಶಿರಸಂಗಿಯ ದೇಸಾಯಿಯವರ ಹೆಸರನ್ನೇ ಹೊತ್ತಿದೆ. ದಕ್ಷಿಣದಲ್ಲಿ ಸಿದ್ಧಗಂಗೆಯಂಥ ಮಠಗಳು ಜೋಳಿಗೆ ಹಿಡಿದು ತಂದ ಕಾಳಿನಲ್ಲಿ ಮಕ್ಕಳಿಗೆ ಊಟವನ್ನೂ ಹಾಕಿ ಅಕ್ಷರವನ್ನೂ ಕಲಿಸಿದವು. ಆಗ ‘ಲಾಭರಹಿತ’ ಎಂಬ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಬಳಸುವ ಅಗತ್ಯವೇ ಇರಲಿಲ್ಲ.

ಆದರೆ ಹಳೆಯದೆಲ್ಲ ಬಂಗಾರ ಎಂದು ನಾನೂ ಹೇಳಲಾರೆ. ಅನುದಾನಿತ ಕಾಲೇಜಿಗೆ ಸೇರುವ ಮೊದಲು ನಾಲ್ಕು ವರ್ಷ ಒಂದು ಅನುದಾನರಹಿತ ಕಾಲೇಜಿನಲ್ಲಿ ದುಡಿದೆ. ಅದೂ ಸೇವಾ ಸಂಸ್ಥೆಯೇ. ಸಂಬಳದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಯುಜಿಸಿ ಶ್ರೇಣಿಯ ಮೊತ್ತ ಇರುತ್ತಿತ್ತು, ಅಷ್ಟೂ ಹಣ ನನ್ನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದ ಹನ್ನೆರಡು ಖಾಲಿ ಚೆಕ್ಕುಗಳು ಕಚೇರಿಯ ಹಸಿರು ಬೀರುವಿನಲ್ಲಿದ್ದವು. ಸಂಬಳ ಬಂದ ಮೂರನೇ ದಿನ ಜವಾನ ಹೋಗಿ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಕೊಂಡು ಬರುತ್ತಿದ್ದ. ಚೆಕ್ಕು ಮುಗಿದಾಗ ಹೊಸ ಪುಸ್ತಕಕ್ಕೆ ಸಹಿ ಹಾಕಲು ಕರೆ ಬರುತ್ತಿತ್ತು. ಪಾಪ, ಆ ಜವಾನ ಹೋಗುವ ಮುನ್ನ ನನಗೆ ನಮಸ್ಕಾರ ಹೇಳಿ ಹೋಗುತ್ತಿದ್ದ. ಆಡಿಟರ್ ಅವರ ಲೆಕ್ಕದಲ್ಲಿ ಅದೂ ‘ಉದ್ದೇಶಕ್ಕಾಗಿ ಆದ ಖರ್ಚು’.

ಹಳ್ಳಿಶಾಲೆ:

ದೊಡ್ಡವರ ಕಥೆಗಳನ್ನು ಓದಿದೆ. ಈಗ ಸಣ್ಣವನ ಕಥೆ ಕೇಳಿ.

ಹೋಬಳಿ ಕೇಂದ್ರದಲ್ಲಿ ನನ್ನದೊಂದು ಶಾಲೆಯಿದೆ, ಎಲ್‌ಕೆಜಿಯಿಂದ ಏಳನೇ ತರಗತಿ, 180 ಮಕ್ಕಳು. ವರ್ಷದ ಶುಲ್ಕ ಸರಾಸರಿ 12,000. ನೂರು ಮಂದಿ ಮಾತ್ರ ಪೂರ್ತಿ ಕಟ್ಟುತ್ತಾರೆ, ಉಳಿದವರದು ಅಡಿಕೆ ಕೊಯ್ಲಿನ ಮೇಲೆ ನಿಂತಿದೆ. ಹನ್ನೊಂದು ಶಿಕ್ಷಕಿಯರು. ಅವರಿಗೆ ಕೊಡುವ ಸಂಬಳವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಶಾಲೆ ಶುರುವಾದದ್ದು ಹೆಂಡತಿಯ ಬಳೆ, ಅಪ್ಪನ ಒಂದು ಎಕರೆ ಮತ್ತು ಸಹಕಾರಿ ಬ್ಯಾಂಕಿನ ಸಾಲದಿಂದ. ನನ್ನದೂ ಟ್ರಸ್ಟ್. ಆಗಬೇಕೆಂದು ಆದದ್ದಲ್ಲ, ಮಾನ್ಯತೆ ಬೇಕಾದರೆ ಟ್ರಸ್ಟ್ ಆಗಬೇಕು ಎಂದರು, ಆದೆ. ಅಂದಿನಿಂದ ಆ ಒಂದು ಎಕರೆ ನನ್ನದಲ್ಲ. ಮಾರಲು ಆಗದು, ಮಗನಿಗೆ ಬರೆಯಲು ಆಗದು. ಅದೇ ಹಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರೆ ಉಳಿದದ್ದು ನನ್ನದಾಗುತ್ತಿತ್ತು, ಊರಿನಲ್ಲಿ ಯಾರೂ ಕಳ್ಳನೆನ್ನುತ್ತಿರಲಿಲ್ಲ.

ಬಡ ಮಕ್ಕಳಿಗೆ ಶೇ 25 ಸೀಟು ಎಂಬ ಆರ್‌ಟಿಇ ಇತ್ತು. ಸರ್ಕಾರ ಮರುಪಾವತಿ ಕೊಡುತ್ತಿತ್ತು, ತಡವಾಗಿಯಾದರೂ ಕೊಡುತ್ತಿತ್ತು. 2019ರಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಗೆ ಆ ಸೀಟಿಲ್ಲ ಎಂದರು. ಸರ್ಕಾರಿ ಶಾಲೆ ಉಳಿಯಲಿ ಎಂಬ ಉದ್ದೇಶವನ್ನು ಬೈಯಲಾರೆ. ಆದರೆ ನನ್ನ ಮೂವತ್ತೆಂಟು ಮಕ್ಕಳಲ್ಲಿ ಎಷ್ಟು ಜನ ಅಲ್ಲಿಗೆ ಹೋದರು, ಎಷ್ಟು ಜನ ತಾಲ್ಲೂಕು ಕೇಂದ್ರದ ದೊಡ್ಡ ಶಾಲೆಯ ಬಸ್ಸು ಹತ್ತಿದರು ಎಂಬುದನ್ನು ನಾನು ಗೇಟಿನಲ್ಲಿ ನಿಂತು ಎಣಿಸಿದವನು.

ಲಾಭ ಎಂದರೆ ನಿಮಗೆಲ್ಲ ಅಸಹ್ಯವೇಕೆ? ನನಗೆ ಶೇ 8ರಷ್ಟು ಲಾಭ ಬರಲಿ, ಅದಕ್ಕೆ ತೆರಿಗೆ ಕಟ್ಟುತ್ತೇನೆ, ಬಹಿರಂಗವಾಗಿ ತೆಗೆದುಕೊಳ್ಳುತ್ತೇನೆ. ಈಗಿನ ಕಾನೂನು ನನ್ನಂಥವನ ಕೈ ಕಟ್ಟುತ್ತದೆ. ಆಡಿಟರ್ ಮೇಡಂ ಹೇಳಿದ ಬಾಡಿಗೆ, ಸೊಸೆಯ ಸಂಬಳದ ಆಟ ಆಡಲು ಒಳ್ಳೆಯ ಆಡಿಟರ್ ಬೇಕು. ನನಗೆ ಅಷ್ಟು ಶುಲ್ಕ ಕೊಡುವ ಶಕ್ತಿಯಿಲ್ಲ.

ನಿವೃತ್ತ ಮೇಷ್ಟ್ರು:

ಹಳ್ಳಿಶಾಲೆಯವರೇ, ನಿಮ್ಮ ಕಷ್ಟಕ್ಕೆ ಎರಡು ಮಾತಿಲ್ಲ. ಆದರೆ ಶೇ 8 ಎಂದು ಗೆರೆ ಎಳೆದು ಅಲ್ಲೇ ನಿಲ್ಲುವವರು ನೀವು. ಬಾಗಿಲು ತೆರೆದರೆ ಒಳಗೆ ಬರುವವರು ನೀವಲ್ಲ. ನಿಮ್ಮ ಒಂದು ಎಕರೆಯನ್ನೂ ಸೇರಿಸಿ ಕೊಂಡುಕೊಳ್ಳುವವರು. ಶಿಕ್ಷಣ ವ್ಯಾಪಾರವಾಗಬಾರದು ಎಂಬ ಮಾತು ಸವೆದಿರಬಹುದು, ಸುಳ್ಳಾಗಿಲ್ಲ.

ಹಳ್ಳಿಶಾಲೆ:

ಮೇಷ್ಟ್ರೇ, ಸಿಟ್ಟಾಗಬೇಡಿ. ನಿಮ್ಮ ಸಂಬಳ, ಪಿಂಚಣಿ ಸರ್ಕಾರದಿಂದ ಬಂತು. ಅನುದಾನದ ನೆರಳಿನಲ್ಲಿ ಕುಳಿತು ತ್ಯಾಗದ ಮಾತಾಡುವುದು ಸುಲಭ. 1995ರ ನಂತರ ಆರಂಭವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳು ಅನುದಾನ ಕೊಡಿ ಎಂದು ವರ್ಷಗಟ್ಟಲೆ ಕೇಳುತ್ತಲೇ ಇವೆ. ಅಲ್ಲಿ ಲಾಭವಿಲ್ಲ, ಅನುದಾನವೂ ಇಲ್ಲ. ಆ ಶಾಲೆಗಳ ಮೇಷ್ಟರು ನಿಮ್ಮ ಸಪ್ತರ್ಷಿಗಳಿಗಿಂತ ಕಡಿಮೆ ತ್ಯಾಗ ಮಾಡುತ್ತಿದ್ದಾರೆಯೇ? ಅವರಿಗೆ ಬಿರುದು ಮಾತ್ರ ಸಿಕ್ಕಿಲ್ಲ.

ನಿವೃತ್ತ ಮೇಷ್ಟ್ರು:

ಈ ಮಾತು ನಾಟಿತು. ಒಪ್ಪುತ್ತೇನೆ. ಇನ್ನೊಂದನ್ನೂ ಒಪ್ಪಿಬಿಡುತ್ತೇನೆ: ಆ ಅನುದಾನಿತ ಹುದ್ದೆಗೆ ಸೇರುವಾಗ ನಮ್ಮ ಅಪ್ಪ ಆಡಳಿತ ಮಂಡಳಿಗೆ ‘ಕಟ್ಟಡ ನಿಧಿ’ ಎಂದು ಹಣ ಕೊಟ್ಟಿದ್ದರು. ಎಷ್ಟೆಂದು ಕಡೆಯವರೆಗೂ ನನಗೆ ಹೇಳಲಿಲ್ಲ. ಸಂಬಳ ಸರ್ಕಾರದ್ದು, ಹುದ್ದೆ ಮಾರಿದ್ದು ಮಂಡಳಿ. ಅನುದಾನ ಬಂದರೆ ವ್ಯಾಪಾರ ನಿಲ್ಲುತ್ತದೆ ಎಂದು ಹೇಳುವ ಬಾಯಿ ನನಗಿಲ್ಲ.

ದೂರದೂರು:

ನಮಸ್ಕಾರ. ನಾನು ದಾವಣಗೆರೆಯವನು, ಈಗ ಅಮೆರಿಕದಲ್ಲಿ ಒಂದು ಸಮುದಾಯ ಕಾಲೇಜಿನ ಪ್ರವೇಶ ವಿಭಾಗದಲ್ಲಿದ್ದೇನೆ. ಹಳ್ಳಿಶಾಲೆಯವರು ಕೇಳುವ ‘ಬಹಿರಂಗ ಲಾಭ’ ಇಲ್ಲಿ ಹಳೆಯ ವ್ಯವಸ್ಥೆ. ಷೇರು ಮಾರುಕಟ್ಟೆಯಲ್ಲಿ ಹೆಸರಿದ್ದ ಕಾಲೇಜು ಕಂಪನಿಗಳಿದ್ದವು. ಕೊರಿಂಥಿಯನ್ ಕಾಲೇಜಸ್ 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು, ಐಟಿಟಿ ಟೆಕ್ 2016ರ ಸೆಪ್ಟೆಂಬರ್‌ನಲ್ಲಿ. ಅರ್ಧ ಓದಿದವರು ಪೂರ್ತಿ ಸಾಲದೊಂದಿಗೆ ಬೀದಿಗೆ ಬಂದರು. ನಮ್ಮ ಕಿಟಕಿಗೂ ಬಂದರು. ಅಲ್ಲಿಯ ಕ್ರೆಡಿಟ್‌ಗಳನ್ನು, ಅಂದರೆ ಓದಿ ಮುಗಿಸಿದ ಪಾಠಗಳ ಲೆಕ್ಕವನ್ನು, ನಮ್ಮ ಕಾಲೇಜು ಒಪ್ಪುವುದಿಲ್ಲ ಎಂದು ಒಬ್ಬೊಬ್ಬರಿಗೂ ಹೇಳುವ ಕೆಲಸ ನನ್ನದಾಗಿತ್ತು.

ಒಂದು ಸಣ್ಣ ವಿಷಯ ನಿಮಗೆ ಉಪಯೋಗವಾದೀತು. ಇಲ್ಲಿ 90/10 ಎಂಬ ನಿಯಮವಿದೆ: ಲಾಭದ ಕಾಲೇಜಿನ ಆದಾಯದಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಶೇ 90 ಮೀರಬಾರದು. ನಿಮ್ಮ ಪಾಠಕ್ಕೆ ಬೆಲೆಯಿದ್ದರೆ ಶೇ 10ರಷ್ಟನ್ನಾದರೂ ಯಾರಾದರೂ ಸ್ವಂತ ಜೇಬಿನಿಂದ ಕೊಡಲಿ ಎಂಬ ತರ್ಕ. ಆದರೆ ಮಾಜಿ ಸೈನಿಕರ ಶಿಕ್ಷಣ ಭತ್ಯೆ ಆ 90ರಲ್ಲಿ ಸೇರುತ್ತಿರಲಿಲ್ಲ, ಉಳಿದ 10ರಲ್ಲಿ ಸೇರುತ್ತಿತ್ತು. ಏನಾಯಿತು? ಮಾರಾಟಗಾರರು ಸೈನಿಕರ ಬೆನ್ನು ಹತ್ತಿದರು. 2021ರಲ್ಲಿ ಕಾನೂನು ತಿದ್ದಿ ಆ ಕಂಡಿ ಮುಚ್ಚಬೇಕಾಯಿತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ. ಈ ಗಾದೆ ಇಂಗ್ಲಿಷಿನಲ್ಲಿ ಹೇಳಲು ಬಾರದೆ ಸಹೋದ್ಯೋಗಿಗಳ ಮುಂದೆ ಎಷ್ಟೋ ಸಲ ಬಾಯಿ ಕಟ್ಟಿಕೊಂಡಿದ್ದೇನೆ.

ಹಾಗೆಂದು ಇಲ್ಲಿಯ ಲಾಭರಹಿತ ವಿಶ್ವವಿದ್ಯಾಲಯಗಳು ಅಗ್ಗವೆಂದು ತಿಳಿಯಬೇಡಿ. ಹೆಸರಾಂತವು ಅತಿ ದುಬಾರಿ, ಜೊತೆಗೆ ದತ್ತಿನಿಧಿಯ ಬೆಟ್ಟದ ಮೇಲೆ ಕುಳಿತಿವೆ. ಆದರೆ ಅವು ರಾತ್ರೋರಾತ್ರಿ ಬೀಗ ಹಾಕಿಕೊಂಡು ಓಡುವುದಿಲ್ಲ. ನನ್ನ ಮಗನಿಗೆ ಕಾಲೇಜು ಹುಡುಕುವಾಗ ನಾನು ಮೊದಲು ನೋಡಿದ್ದು ಅದನ್ನೇ.

ಒಗ್ಗರಣೆ:

ಎಲ್ಲಕ್ಕೂ ನಗುವವನು ಎಂದುಕೊಂಡಿರುತ್ತೀರಿ. ನಾನೂ ಎರಡು ವರ್ಷ ಒಂದು ಕಲಿಕಾ ಆ್ಯಪ್ ಕಂಪನಿಯಲ್ಲಿ ಮಾರಾಟ ವಿಭಾಗದಲ್ಲಿದ್ದೆ. ಅದು ಪಕ್ಕಾ ಲಾಭದ ಕಂಪನಿ, ಮರೆಮಾಚುವುದೇನೂ ಇರಲಿಲ್ಲ. ದಿನಕ್ಕೆ ಇಷ್ಟು ಕರೆ, ವಾರಕ್ಕೆ ಇಷ್ಟು ಮನೆ ಭೇಟಿ. ಭೇಟಿಯ ಸಮಯ ಸಂಜೆ ಏಳರ ನಂತರ; ಅಪ್ಪ ಮನೆಯಲ್ಲಿರಬೇಕು, ಮಗುವೂ ಎದುರಿಗೆ ಇರಬೇಕು. ಮಗುವಿಗೆ ಒಂದು ಕಠಿಣ ಲೆಕ್ಕ ಕೊಡಬೇಕು. ಅದು ಬಿಡಿಸಲಾಗದೆ ತಲೆ ತಗ್ಗಿಸಿದಾಗ ಅಪ್ಪನ ಮುಖ ನೋಡಬೇಕು. ಆಗ ಸಾಲದ ಅರ್ಜಿ ತೆಗೆಯಬೇಕು. ಇದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಕ್ರಮ.

ಯಲಹಂಕದ ಕಡೆ ಒಂದು ಮನೆಯಲ್ಲಿ ಆರನೇ ತರಗತಿಯ ಹುಡುಗ ಆ ಲೆಕ್ಕವನ್ನು ಬಿಡಿಸಿಬಿಟ್ಟ. ಅವನ ಅಪ್ಪನಿಗಿಂತ ನನಗೆ ಹೆಚ್ಚು ಸಂತೋಷವಾಯಿತು. ಕಚೇರಿಗೆ ಬಂದು ‘ಮಗು ಬುದ್ಧಿವಂತ, ಅವಶ್ಯಕತೆಯಿಲ್ಲ’ ಎಂದು ಬರೆದೆ. ಮೇಲಿನವರು ಕೇಳಿದ್ದು ಒಂದೇ: ‘ಇನ್ನೂ ಕಠಿಣ ಲೆಕ್ಕ ಕೊಡಲಿಲ್ಲವೇಕೆ?’

ಹಾಗಾಗಿ ಹಳ್ಳಿಶಾಲೆ ಅಣ್ಣ, ನಿಮ್ಮ ಶೇ 8ಕ್ಕೆ ನನ್ನ ಅಭ್ಯಂತರವಿಲ್ಲ. ಗುರಿಯನ್ನು ಬೇರೆ ಊರಿನಲ್ಲಿ ಕುಳಿತವರು ಗೊತ್ತುಮಾಡಿ, ಬೇರೆಯವರ ಕೈಯಲ್ಲಿ ಮುಟ್ಟಿಸುವಂತಾದರೆ ಅಂಜಿಕೆಯಾಗುತ್ತದೆ.

ಖಾತೆಕಿರ್ದಿ:

ಒಗ್ಗರಣೆ ಅವರು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಹಳ್ಳಿಶಾಲೆಯವರಿಗೆ ಒಂದು ಮಾತು. ಟ್ರಸ್ಟಿ ದುಡಿದರೆ ಸಂಬಳ ತೆಗೆದುಕೊಳ್ಳಬಾರದು ಎಂದು ಆದಾಯ ತೆರಿಗೆ ಕಾನೂನು ಹೇಳುವುದಿಲ್ಲ. ನಿಮ್ಮ ಟ್ರಸ್ಟ್ ಪತ್ರದಲ್ಲಿ ಅದಕ್ಕೆ ಅಡ್ಡಿಯಿಲ್ಲದಿದ್ದರೆ, ಮಾಡುವ ಕೆಲಸಕ್ಕೆ ತಕ್ಕ ಸಂಬಳವನ್ನು ಠರಾವು ಬರೆದು, ಬ್ಯಾಂಕಿನ ಮೂಲಕ, ನೇರವಾಗಿ ತೆಗೆದುಕೊಳ್ಳಿ. ಕೊಟ್ಟ ಸಾಲವನ್ನು ಸಾಲವೆಂದೇ ಪುಸ್ತಕದಲ್ಲಿ ತೋರಿಸಿದ್ದರೆ ವಾಪಸು ಪಡೆಯಬಹುದು. ದಾನವೆಂದು ಬರೆದಿದ್ದರೆ ಹೋಯಿತು. ನಿಮ್ಮಂಥವರು ಸಂಕೋಚದಿಂದ ತೆಗೆದುಕೊಳ್ಳುವುದಿಲ್ಲ, ಸಂಕೋಚವಿಲ್ಲದವರು ಮಿತಿ ಇಟ್ಟುಕೊಳ್ಳುವುದಿಲ್ಲ. ಮೊದಲ ವರ್ಷದ ಲೆಕ್ಕದ ಪುಸ್ತಕವನ್ನು ಯಾರಾದರೂ ತಿಳಿದವರಿಗೆ ತೋರಿಸಿ. ಶುಲ್ಕದ ಚಿಂತೆ ಬೇಡ, ನನಗೇ ಕಳುಹಿಸಿ.

ಕಪ್ಪುಕೋಟು:

ಮೂರು ವಿಷಯ ಸೇರಿಸಿ ಮುಗಿಸುತ್ತೇನೆ, ಮಧ್ಯಾಹ್ನ ಕೋರ್ಟಿದೆ.

2022ರ ಅಕ್ಟೋಬರ್‌ನಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆಯನ್ನು ಬಿಗಿಮಾಡಿತು. ಶಿಕ್ಷಣ ಸಂಸ್ಥೆ ಎಂದು ತೆರಿಗೆ ವಿನಾಯಿತಿ ಕೇಳುವವರು ಕೇವಲ ಶಿಕ್ಷಣಕ್ಕಾಗಿಯೇ ಇರಬೇಕು. ‘ಮುಖ್ಯವಾಗಿ ಶಿಕ್ಷಣ, ಜೊತೆಗೆ ಇತರ’ ಎಂಬುದು ನಡೆಯದು ಎಂದಿತು. ಗುಬ್ಬಿಗೂಡು ಅವರ ಕಾಲೇಜಿನ ಕೋಚಿಂಗ್ ಬೇರೆ ಕಂಪನಿಯ ಹೆಸರಿನಲ್ಲಿ ಏಕಿದೆ ಎಂಬುದಕ್ಕೆ ಇದರಲ್ಲೂ ಸ್ವಲ್ಪ ಉತ್ತರ ಇರಬಹುದು.

ಎರಡನೆಯದು ಮಾಹಿತಿ ಹಕ್ಕು. ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುವ ಶಾಲೆ, ಕಾಲೇಜುಗಳು ಆರ್‌ಟಿಐ ವ್ಯಾಪ್ತಿಗೆ ಬರುತ್ತವೆ ಎಂದು 2019ರ ಡಿಎವಿ ಕಾಲೇಜು ತೀರ್ಪು ಹೇಳಿದೆ. ಮೇಷ್ಟ್ರು ದುಡಿದ ಅನುದಾನಿತ ಕಾಲೇಜಿನ ಲೆಕ್ಕವನ್ನು ಹತ್ತು ರೂಪಾಯಿಯ ಅರ್ಜಿಯಲ್ಲಿ ಕೇಳಬಹುದು. ಗುಬ್ಬಿಗೂಡು ಅವರ ಕಾಲೇಜಿನದನ್ನು ಹಾಗೆ ಕೇಳಲಾಗದು. ತೆರಿಗೆ ವಿನಾಯಿತಿ ಎಂದರೆ ಸರ್ಕಾರದ ಹಣವಲ್ಲವೇ ಎಂದು ನನ್ನ ಕಕ್ಷಿದಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಗೆಲ್ಲುವುದು ಮಾತ್ರ ಕಷ್ಟ.

ಮೂರನೆಯದಾಗಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಿದೆ: ಈಗಿನ ನಿಯಂತ್ರಣ ವ್ಯವಸ್ಥೆ ವ್ಯಾಪಾರ ಮಾಡುವವರನ್ನು ತಡೆದಿಲ್ಲ, ಸೇವೆ ಮಾಡುವವರನ್ನು ಮಾತ್ರ ಕಂಗೆಡಿಸಿದೆ ಎಂಬ ಅರ್ಥದ ಮಾತು ಅದರಲ್ಲಿದೆ. ತಮಿಳುನಾಡಿನಲ್ಲಿ ಖಾಸಗಿ ಶಾಲೆಗಳ ಶುಲ್ಕ ಗೊತ್ತುಮಾಡಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಸಮಿತಿಯನ್ನು 2009ರ ಕಾಯ್ದೆಯಲ್ಲೇ ತಂದರು. ಅದನ್ನು ಇಲ್ಲಿಗೂ ತರಬೇಕೆಂದು ಒಂದು ಕಾಲಕ್ಕೆ ನಾನೂ ವಾದಿಸುತ್ತಿದ್ದೆ. ಹಳ್ಳಿಶಾಲೆಯವರದನ್ನು ಓದಿದ ಮೇಲೆ ಅಷ್ಟು ಧೈರ್ಯವಿಲ್ಲ. ಬೆಲೆ ಕಟ್ಟುವ ಸಮಿತಿಗಿಂತ, ಬಂಧುಗಳಿಗೆ ಎಷ್ಟು ಹೋಯಿತು ಎಂಬ ಒಂದು ಪುಟವನ್ನು ಪ್ರತಿ ಸಂಸ್ಥೆಯೂ ತನ್ನ ಸೂಚನಾ ಫಲಕದಲ್ಲಿ ಹಚ್ಚಬೇಕೆಂಬ ನಿಯಮ ಹೆಚ್ಚು ಕೆಲಸ ಮಾಡೀತು.

ಹಳ್ಳಿಶಾಲೆ:

ಆ ಪುಟವನ್ನು ನಾನು ನಾಳೆಯೇ ಹಚ್ಚುತ್ತೇನೆ ವಕೀಲರೇ. ಅದರಲ್ಲಿ ಹೆಂಡತಿಯ ಬಳೆಯನ್ನೂ ಬರೆಯುತ್ತೇನೆ. ಆಡಿಟರ್ ಮೇಡಂ, ಪುಸ್ತಕ ಕಳುಹಿಸುತ್ತಿದ್ದೇನೆ. ಮೊದಲ ವರ್ಷದ್ದಕ್ಕೆ ಗೆದ್ದಲು ಹಿಡಿದಿದೆ, ಕ್ಷಮಿಸಬೇಕು.

ಗುಬ್ಬಿಗೂಡು:

ಒಂದು ವಾರ ಬರೆಯಲಾಗಲಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ತರಬೇತಿ ಕಡ್ಡಾಯವೇ, ಕಡ್ಡಾಯವಾದರೆ ಯಾವ ನಿಯಮದಲ್ಲಿ ಎಂದು ಕೇಳಿ ಒಂದು ಪತ್ರ ಬರೆದು ಕಾಲೇಜಿಗೆ ಒಯ್ದೆ. ಗುಮಾಸ್ತರು ಓದಿದರು. ‘ಕೊಡಿ, ಮ್ಯಾನೇಜ್‌ಮೆಂಟಿಗೆ ಕಳಿಸುತ್ತೇನೆ’ ಎಂದರು. ನನ್ನ ಪ್ರತಿಗೆ ಮೊಹರು ಹಾಕಿ ಎಂದೆ. ಮೊಹರು ಎದುರಿಗೇ ಇತ್ತು, ಅದರ ಪಕ್ಕದಲ್ಲಿ ಶಾಯಿಯ ಪ್ಯಾಡೂ ಇತ್ತು. ‘ಸ್ವೀಕೃತಿ ಮೊಹರು ಇವತ್ತಿಲ್ಲ’ ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಮೇಷ್ಟ್ರು ಹೇಳಿದ ಜವಾನ ನೆನಪಾದ. ಪತ್ರ ವಾಪಸು ತಂದೆ.

ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸೋಣ, ಟ್ರಸ್ಟಿಗೊಂದು, ಕಂಪನಿಗೊಂದು ಎಂದುಕೊಂಡು ಎರಡು ಲಕೋಟೆ ತಂದೆ. ಟ್ರಸ್ಟಿನ ವಿಳಾಸ ಹಳದಿ ರಸೀದಿಯ ಕೆಳಗಿತ್ತು. ಕಂಪನಿಯದನ್ನು ಆಡಿಟರ್ ಮೇಡಂ ಹೇಳಿದ ಜಾಲತಾಣದಲ್ಲಿ ಮಗಳು ಹುಡುಕಿ ಓದಿದಳು, ನಾನು ಬರೆದುಕೊಂಡೆ. ಬಾಗಿಲ ಸಂಖ್ಯೆ ಬರೆಯುವಾಗ ಕೈ ನಿಂತಿತು. ಮೊದಲ ಲಕೋಟೆಯನ್ನು ಪಕ್ಕಕ್ಕಿಟ್ಟು ನೋಡಿದೆ. ಅದೇ ಬಾಗಿಲು, ಅದೇ ಅಡ್ಡರಸ್ತೆ. ಟ್ರಸ್ಟ್ ಮೊದಲ ಮಹಡಿಯಲ್ಲಿದೆ, ಕಂಪನಿ ನೆಲಮಹಡಿಯಲ್ಲಿ.

ಎರಡೂ ಕಾಗದಗಳನ್ನು ಒಂದೇ ಲಕೋಟೆಗೆ ಹಾಕಿ ಅಂಟಿಸಿದೆ. ಯಾವ ಮಹಡಿಗೆ ಎಂದು ಬರೆಯಲಿಲ್ಲ.